ಚುಕ್ಕಿ ಇಲ್ಲದ ಕಾಗದ

ಸರ್ಕಾರ ನನಗೆ ಕೊಟ್ಟ ಕೆಲಸ ಮಕ್ಕಳಿಗೆ ಪಾಠ ಹೇಳುವುದು. ಆದರೆ ಇಷ್ಟು ವರ್ಷದ ನೌಕರಿಯಲ್ಲಿ ನಾನು ದನ ಎಣಿಸಿದ್ದೇನೆ, ಶೌಚಾಲಯ ಎಣಿಸಿದ್ದೇನೆ, ಮನೆ ಎಣಿಸಿದ್ದೇನೆ, ಮಂದಿಯನ್ನಂತೂ ಎಷ್ಟು ಸಲ ಎಣಿಸಿದ್ದೇನೋ ನನಗೇ ನೆನಪಿಲ್ಲ. ಇದೆಲ್ಲದರ ಮೇಲೆ ನಾನು ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಓ. ಒಂದು ಮತಗಟ್ಟೆಯ ಮತದಾರರ ಪಟ್ಟಿ ನನ್ನ ಕೊರಳಿಗೆ ಬಿದ್ದಿದೆ. ಯಾರು ತೀರಿಕೊಂಡರು, ಯಾರು ಸೊಸೆಯಾಗಿ ಬಂದರು, ಯಾರಿಗೆ ಹದಿನೆಂಟು ತುಂಬಿತು ಎಂದು ಮನೆಮನೆ ತಿರುಗಿ ಬರೆದುಕೊಳ್ಳಬೇಕು. ಕೊಪ್ಪಳದಿಂದ ಅಳವಂಡಿ ಕಡೆಯ ಬಸ್ಸು ಹತ್ತಿ ಅರ್ಧ ದಾರಿಯಲ್ಲಿ ಇಳಿದರೆ ನನ್ನ ಶಾಲೆಯ ಊರು. ಮತಗಟ್ಟೆಯೂ ಅದೇ ಶಾಲೆ. ಹೀಗಾಗಿ ವರ್ಷವಿಡೀ ನಾನು ಅಲ್ಲಿನ ಮಕ್ಕಳಿಗೂ ಅಕ್ಕೋರು, ಅವರ ಅಜ್ಜಂದಿರಿಗೂ ಅಕ್ಕೋರು.

ಆ ಬೇಸಿಗೆ ಲೋಕಸಭಾ ಚುನಾವಣೆ ಬಂತು. ಅಂಗವಿಕಲರಿಗೆ ಅನುಕೂಲ ಮಾಡಿಕೊಡುವ ವಿಷಯದಲ್ಲಿ ಆ ಸಲ ಭಾರೀ ಉತ್ಸಾಹವಿತ್ತು. ನಮ್ಮ ಶಾಲೆಯ ಮೆಟ್ಟಿಲ ಪಕ್ಕಕ್ಕೆ ಗಾಲಿಕುರ್ಚಿ ಹತ್ತಿಸಲು ಇಳಿಜಾರು ಕಟ್ಟಿಸಿದರು. ಸಿಮೆಂಟು ಒಣಗುವ ಮೊದಲೇ ಅದರ ಮೇಲೆ ಊರಿನ ಆಡುಗಳು ಹತ್ತಿಳಿದು ಗೊರಸಿನ ಗುರುತು ಬಿಟ್ಟವು. ಅದರ ಫೋಟೋ ತೆಗೆದು ಕಳಿಸಿ ಎಂದರು. ನಾನು ಗೊರಸು ಕಾಣದ ಹಾಗೆ ಬದಿಯಿಂದ ತೆಗೆದು ಕಳಿಸಿದೆ.

ಆಮೇಲೆ ಅರ್ಜಿಗಳು ಬಂದವು. ನಡೆಯಲು ಆಗದವರು, ಕಣ್ಣು ಕಾಣದವರು, ಎಂಬತ್ತೈದು ದಾಟಿದವರು ಬೇಕಾದರೆ ಮನೆಯಲ್ಲೇ ಮತ ಹಾಕಬಹುದು. ಅರ್ಜಿ ತುಂಬಿ ಕೊಟ್ಟರೆ ಮತದಾನದ ದಿನಕ್ಕೆ ಮೊದಲೇ ಅಧಿಕಾರಿಗಳು ಮನೆಗೆ ಬಂದು ಮತಪತ್ರ ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಹಾಗೆ ಅರ್ಜಿ ಕೊಟ್ಟವರ ಹೆಸರಿನ ಮುಂದೆ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಅವರು ಮತ್ತೆ ಮತಗಟ್ಟೆಗೆ ಬಂದು ಹಾಕುವಂತಿಲ್ಲ. ಬೇಕೋ ಬೇಡವೋ ಎಂದು ಕೇಳಿ, ಬೇಕೆಂದವರದ್ದು ಮಾತ್ರ ತುಂಬಿಸಿರಿ ಎಂದು ನಮಗೆ ಸ್ಪಷ್ಟವಾಗಿಯೇ ಹೇಳಿದ್ದರು. ನನ್ನ ಎರಡೂ ಕಿವಿಗೆ ಬಿದ್ದಿತ್ತು. ಆದರೆ ಸಭೆಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮದೆಷ್ಟಾಯಿತು ಎಂದು ಕೇಳುವಾಗ, ನನ್ನ ಪಕ್ಕದ ಕುರ್ಚಿಯವಳು ಜೋರಾಗಿ ತನ್ನ ಸಂಖ್ಯೆ ಹೇಳಿ ಕೂತಾಗ, ನನಗೆ ಬೇರೆ ಮಾತು ಮರೆತುಹೋಯಿತು. ನಾನು ಶಾಲೆಯಲ್ಲಿ ಮಕ್ಕಳಿಗೆ ಅಂಕದ ಹಿಂದೆ ಬೀಳಬೇಡಿ ಎಂದು ಹೇಳುವವಳು. ನಾನು ಮಾತ್ರ ಬಿದ್ದೆ.

ಒಂದೇ ಮಧ್ಯಾಹ್ನ ಊರು ಸುತ್ತಿ ಎಲ್ಲರ ಅರ್ಜಿ ಮುಗಿಸಿದೆ. ಯಾರೂ ಬೇಡ ಅನ್ನಲಿಲ್ಲ, ಯಾಕೆಂದರೆ ಯಾರನ್ನೂ ನಾನು ಕೇಳಲಿಲ್ಲ. ನಮ್ಮ ಕಡೆ ಅಂಗವಿಕಲರ ಮನೆಗೆ ಯಾರಾದರೂ ಕಾಗದ ಹಿಡಿದುಕೊಂಡು ಬಂದರೆ, ಅದು ಮಾಸಾಶನದ ಕಾಗದವೆಂದೇ ತಿಳಿದು ಬೆರಳು ಮುಂದೆ ಮಾಡುತ್ತಾರೆ. ಆ ರೂಢಿ ಅವತ್ತು ನನಗೆ ಬಹಳ ಅನುಕೂಲವಾಯಿತು.

ಕೊನೆಯ ಮನೆ ಹೊಲದ ದಾರಿಗೆ ಮುಖ ಮಾಡಿದ ಒಕ್ಕಲುತನದವರ ಮನೆ. ಅಣ್ಣ, ಅತ್ತಿಗೆ, ಅಣ್ಣನ ಜೊತೆ ಇರುವ ಕಣ್ಣಿಲ್ಲದ ತಂಗಿ. ತಂಗಿಗೆ ನನಗಿಂತ ನಾಲ್ಕೈದು ವರ್ಷ ಕಡಿಮೆ ಇರಬಹುದು. ಸಣ್ಣಂದಿನಲ್ಲಿ ಜ್ವರ ಬಂದು ಕಣ್ಣು ಹೋದವು. ಏಳನೆಯ ಇಯತ್ತೆಯವರೆಗೆ ದೂರದ ಅಂಧರ ಶಾಲೆಯಲ್ಲಿದ್ದಳು. ತಾಯಿ ತೀರಿಕೊಂಡ ಮೇಲೆ ಊರಿಗೆ ಬಂದವಳು ಮತ್ತೆ ಹೋಗಲಿಲ್ಲ. ಅವತ್ತು ಪಡಸಾಲೆಯಲ್ಲಿ ಕೂತು ಬಿತ್ತನೆಗೆಂದು ಶೇಂಗಾ ಒಡೆಯುತ್ತಿದ್ದಳು. ಜೊಳ್ಳು ಕಾಳು ಕೈಗೆ ಸಿಕ್ಕರೆ ತಟಕ್ಕನೆ ಬೇರೆ ಬುಟ್ಟಿಗೆ ಹಾಕುತ್ತಿದ್ದಳು. ಅಣ್ಣ ಕಟ್ಟೆಯ ಮೇಲಿಂದಲೇ, “ಹಾಕಿಸ್ಕೊಂಡ ಹೋಗ್ರಿ ಅಕ್ಕೋರ, ಆಕಿನ್ನೇನ್ ಕೇಳೂದು” ಅಂದ.

ನಾನು ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳು ಹಿಡಿದೆ.

“ಏನ್ರಿ ಇದು?” ಎಂದಳು.

“ನಿನಗ ಅನುಕೂಲ ಆಗ್ಲಿ ಅಂತವಾ. ಇನ್ನ ಮ್ಯಾಲ ಓಟು ಹಾಕಾಕ ನೀ ಸಾಲಿತನಕ ಬರೂದು ಬ್ಯಾಡ. ಮನಿಗೇ ಬರ್ತಾರ.”

“ಮನಿಗೇ ತರ್ತಾರ?” ಎಂದು ಮುಖ ಅರಳಿಸಿದಳು. ಆಮೇಲೆ, “ಹೆಬ್ಬಟ್ಟು ಯಾಕ್ರಿ ಅಕ್ಕೋರ, ನನಗ ಸಹಿ ಬರ್ತೈತಿ” ಎಂದಳು.

“ಇರ್ಲಿ ಬಿಡವಾ, ಬಸ್ಸಿನ ಹೊತ್ತಾತು” ಎಂದು ನಾನು ಶಾಯಿಯ ಡಬ್ಬಿಗೆ ಅವಳ ಬೆರಳು ಒತ್ತಿದೆ. ಸಹಿ ಕಲಿಸುವುದು ನನ್ನ ಕೆಲಸ. ಸಹಿ ಬಲ್ಲವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಬಸ್ಸು ಸಿಕ್ಕಿತೆಂದು ಖುಷಿಪಟ್ಟುಕೊಂಡು ಮನೆಗೆ ಬಂದೆ. ಮರುದಿನ ಸಭೆಯಲ್ಲಿ ನನ್ನ ಸಂಖ್ಯೆಯನ್ನೂ ಜೋರಾಗಿಯೇ ಹೇಳಿದೆ.

ಮತದಾನಕ್ಕೆ ಕೆಲವು ದಿನ ಮೊದಲು ಜೀಪು ಬಂತು. ಅದರಲ್ಲಿ ಒಬ್ಬರು ಅಧಿಕಾರಿ. ಕಾರಟಗಿ ಕಡೆಯ ಕಾಲೇಜಿನ ಮಾಸ್ತರು, ದಪ್ಪ ಮೈ, ಮೆತ್ತನೆ ಮಾತು. ಅವರಿಗೊಬ್ಬ ಸಹಾಯಕ, ಒಬ್ಬ ಪೊಲೀಸ್, ವಿಡಿಯೋ ತೆಗೆಯುವವನು ಒಬ್ಬ. ಮನೆ ತೋರಿಸುವುದು ನನ್ನ ಪಾಲಿನ ಕೆಲಸ. ಮೊದಲ ಕೆಲವು ಮನೆಗಳಲ್ಲಿ ಎಲ್ಲ ಸಸೂತ್ರವಾಗಿ ನಡೆಯಿತು. ಸೊಂಟ ಮುರಿದು ಮಲಗಿದ್ದ ಒಬ್ಬ ಅಜ್ಜಿ ಮತ ಹಾಕಿ, ಮನೆಗೇ ಸಾಹೇಬರು ಬಂದರೆಂದು ಮಾಸ್ತರ ಗಲ್ಲ ಸವರಿದಳು. ಅಂಥವರಿಗೆ ಇದು ದೊಡ್ಡ ಉಪಕಾರ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಆ ಅಜ್ಜಿಯ ಮುಖ ನೋಡಿ ನನಗೂ ಹೆಮ್ಮೆಯಾಗಿತ್ತು.

ಒಕ್ಕಲುತನದವರ ಮನೆಗೆ ಹೋದಾಗ ತಂಗಿ ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಹೊರಸಿನ ಮೇಲೆ ಕೂತಿದ್ದಳು. ಅವಳು ಆ ಸೀರೆ ಉಟ್ಟಿದ್ದನ್ನು ನಾನು ನೋಡಿರಲಿಲ್ಲ. ಮಾಸ್ತರು ಹೊರಸಿನ ಮುಂದೆ ಒಂದು ಸ್ಟೂಲು ಇಡಿಸಿ, ಅದರ ಮೇಲೆ ರಟ್ಟಿನ ಮರೆ ನಿಲ್ಲಿಸಿದರು. ನಡುವೆ ಮತಪತ್ರವಿಟ್ಟು, ಪೆನ್ನಿಟ್ಟು, “ಹಾಕವಾ” ಎಂದರು.

ಅವಳು ಎರಡೂ ಕೈ ಚಾಚಿ ಮರೆಯ ಒಳಗೆ ತಡಕಿದಳು. ರಟ್ಟು ಸಿಕ್ಕಿತು. ಪೆನ್ನು ಸಿಕ್ಕಿತು. ಕಾಗದ ಸಿಕ್ಕಿತು. ಕಾಗದವನ್ನು ಎತ್ತಿ ಅದರ ಕೆಳಗೂ ತಡಕಿದಳು.

“ಮಷಿನ್ ಎಲ್ಲೈತ್ರಿ?”

“ಮಷಿನ್ ಇಲ್ಲವಾ. ಮನ್ಯಾಗ ಹಾಕೋರಿಗೆ ಕಾಗದ ಇರತೈತಿ. ನಿಮಗ ಬೇಕಾದವರ ಹೆಸರಿನ ಮುಂದ ಗುರ್ತು ಮಾಡೂದು” ಎಂದರು ಮಾಸ್ತರು.

ಅವಳು ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದಳು. ತಿರುಗಿಸಿ ಹಿಂದಿನ ಮೈ ನೋಡಿದಳು. ಮತ್ತೆ ಮುಂದಿನದಕ್ಕೆ ಬಂದಳು.

“ಇದರಾಗ ಚುಕ್ಕಿ ಇಲ್ಲಲ್ರಿ” ಎಂದಳು.

ಮಾಸ್ತರಿಗೆ ಅರ್ಥವಾಯಿತು. ನನಗೂ ಆಯಿತು. ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಕಣ್ಣಿಲ್ಲದವರು ಮುಟ್ಟಿ ಓದುವ ಚುಕ್ಕಿಯ ಸಂಖ್ಯೆಗಳಿರುತ್ತವೆ. ನನಗೆ ತರಬೇತಿಯಲ್ಲಿ ತೋರಿಸಿದ್ದರು, ನಾನು ಪಕ್ಕದವಳ ಜೊತೆ ಮಾತಾಡುತ್ತ ನೋಡಿದ್ದೆ. ಮನೆಗೆ ಬರುವುದು ನುಣ್ಣನೆಯ ಕಾಗದ. ಅದನ್ನು ಕಣ್ಣಿಲ್ಲದವರು ತುಂಬಬೇಕಾದರೆ ಹದಿನೆಂಟು ತುಂಬಿದ ಇನ್ನೊಬ್ಬರು ಜೊತೆಗೆ ಕೂತು ಗುರುತು ಮಾಡಬೇಕು. ಅಂಥ ಕಾಗದವನ್ನು, ಇಡೀ ಊರಿನಲ್ಲಿ ಆ ಚುಕ್ಕಿ ಓದಬಲ್ಲ ಒಬ್ಬಳೇ ಒಬ್ಬ ಹೆಣ್ಣುಮಗಳ ಮನೆಗೆ ನಾನು ತರಿಸಿದ್ದೆ.

ಅಣ್ಣ ಬಾಗಿಲಿಂದ ಒಳಗೆ ಬಂದು, “ತಾ ಇಲ್ಲೆ ತಂಗಿ, ನಾ ಹಾಕ್ತೀನಿ. ಪ್ರತಿ ಸಲ ನಾನ ಹಾಕ್ತೀನಲ್ಲ” ಎಂದು ಕೈ ಚಾಚಿದ.

ಅವಳು ಕಾಗದ ಮಡಚಿ ಮಾಸ್ತರಿದ್ದ ದಿಕ್ಕಿಗೆ ಹಿಡಿದಳು. “ಇವತ್ತ ಮೈಯಾಗ ಅರಾಮಿಲ್ರಿ. ಆಮ್ಯಾಲ ಹಾಕ್ತೀನಿ” ಎಂದಳು. ಬೆಳಿಗ್ಗೆ ಎರೆದುಕೊಂಡ ತಲೆಯ ಕೂದಲು ಇನ್ನೂ ಹಸಿಯಿತ್ತು. ಮಾಸ್ತರು ಅದನ್ನು ನೋಡಿದರು. ಎರಡನೆಯ ಸಲ ಬರಲು ಅವಕಾಶವಿದೆ, ನಾಡಿದ್ದು ಬರುತ್ತೇವೆ, ಅದೇ ಕೊನೆ ಎಂದು ಬರೆದುಕೊಂಡು ಜೀಪು ಹತ್ತಿದರು. ಬಾಕಿ ಮನೆಗಳನ್ನು ತೋರಿಸಿ ಬಂದು ನಾನು ಮತ್ತೆ ಅವಳ ಹತ್ತಿರ ಹೋದೆ. ಹಿತ್ತಲಲ್ಲಿ ಸೀರೆ ಬದಲಾಯಿಸಿಕೊಂಡು ಕೂತಿದ್ದಳು.

“ಮಷಿನ್ ಸಾಲ್ಯಾಗ ಇರತೈತಲ್ರಿ? ನಾ ಅಲ್ಲಿಗೇ ಬರ್ತೀನಿ” ಎಂದಳು.

“ಬರಾಕ ಬರಂಗಿಲ್ಲವಾ. ನಿನ್ನ ಹೆಸರಿಗೆ ಗುರ್ತು ಬಿದ್ದೈತಿ.”

“ಯಾರ್ ಹಾಕಿದ್ರು?”

“ನೀನ ಅರ್ಜಿ ಕೊಟ್ಟೀಯಲ್ಲವಾ” ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಎರಡು ಮಾತು ಏರಿಸಿ ಆಡಿ ಹಗುರಾಗುತ್ತಿದ್ದೆ. ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು ಅಷ್ಟೆ. ಆಮೇಲೆ ಅಡುಗೆ ಮನೆಯ ಕಡೆ ಕಿವಿಗೊಟ್ಟು, ಅತ್ತಿಗೆ ಒಳಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಸಣ್ಣ ದನಿಯಲ್ಲಿ ಹೇಳಿದಳು.

“ಹ್ವಾದ ವರ್ಷ ಎಮ್ಮೆಲ್ಲೆ ಚುನಾವಣಿಗೆ ಅಣ್ಣನ ಸಂಗತಿ ಹೋಗಿದ್ದೆ ನೋಡ್ರಿ. ಆಂವ ಒತ್ತುವಾಗ ನಾ ಆಂವನ ಕೈ ಮ್ಯಾಲ ಕೈ ಇಟ್ಟಿದ್ದೆ. ಗುಂಡಿ ಬಾಜೂಕ ಚುಕ್ಕಿ ಸಿಕ್ಕುವು. ನಾ ಸಾಲ್ಯಾಗ ಕಲ್ತ ಚುಕ್ಕಿ. ಅವನ್ನ ಮುಟ್ಟಿ ಎಷ್ಟ ವರ್ಷ ಆಗಿತ್ತಂತೀರಿ. ಮೈ ಝುಂ ಅಂತು.”

“ಹೌದೇನವಾ.”

“ಒಳಗ ಹೋಗೂಕಿಂತ ಮೊದ್ಲ ಕೇಳಿದ್ದೆ, ನನಗ ಬೇಕಾದವ್ರದು ಎಷ್ಟನೇ ನಂಬರ್ ಅಂತ. ಅಣ್ಣ ಹೇಳಿದ್ದ. ಆಂವ ಒತ್ತಿದ್ದು ಆ ನಂಬರ್ ಅಲ್ರಿ.”

“ನೀ ಕೇಳಲಿಲ್ಲೇನು?” ಎಂದೆ.

“ಏನಂತ ಕೇಳ್ಲಿ? ಉಣ್ಣಾಕ ಹಾಕ್ತಾನ. ಜ್ವರ ಬಂದ್ರ ದವಾಖಾನಿಗೆ ಕರ್ಕೊಂಡ ಹೋಗ್ತಾನ. ಭಾಳ ಛಲೋ ಅದಾನ್ರಿ ಅಣ್ಣ. ಅದೊಂದರಾಗ ಅಷ್ಟ ಹಂಗ.” ಆಮೇಲೆ ಹೇಳಿದಳು, “ಅವತ್ತಿಂದ ಅನ್ಕೊಂಡಿದ್ದೆ, ಇನ್ನೊಮ್ಮಿ ಚುನಾವಣಿ ಬಂದ್ರ ನಾನ ಒತ್ತತೀನಿ ಅಂತ. ಚುಕ್ಕಿ ಮರೀಬಾರದು ಅಂತ ಗೋಡಿ ಮ್ಯಾಲ ಬೆರಳಲೆ ಬರ್ಕೋತ ಇದ್ದೆ.”

ಪಕ್ಕದ ಮನೆಯವಳನ್ನು ಜೊತೆಗೆ ಕರೆದುಕೋ ಎಂದೆ. ಅವಳು ನಕ್ಕಳು. ಒಂದೇ ಮನೆಯಲ್ಲಿ ಅಣ್ಣನಿರುವಾಗ ಪಕ್ಕದವಳನ್ನು ಕರೆದರೆ ಅಣ್ಣನ ಮುಖದ ಮೇಲೆ ಹೊಡೆದ ಹಾಗೆ, ಸಂಜೆಯೊಳಗೆ ಊರೆಲ್ಲ ಯಾಕೆ ಎಂದು ಕೇಳುತ್ತದೆ, ಯಾಕೆ ಎಂದು ತಾನು ಹೇಳಬೇಕಾಗುತ್ತದೆ. ಅಷ್ಟೂ ಅವಳು ಯೋಚಿಸಿ ಮುಗಿಸಿದ್ದಳು. ನಾನು ಅಲ್ಲಿಯೇ ಕೂತು ಹೊಸದಾಗಿ ಯೋಚಿಸುತ್ತಿದ್ದೆ.

ಮರುದಿನ ಶಾಲೆಯ ಕೆಲಸ ಬಿಟ್ಟು ಕೊಪ್ಪಳದಲ್ಲಿ ಚುನಾವಣೆಯ ಕೆಲಸ ನಡೆಯುತ್ತಿದ್ದ ಕಚೇರಿಗೆ ಹೋದೆ. ಆ ಗುರುತು ತೆಗೆಸಿಬಿಟ್ಟರೆ ಆಯಿತು ಎಂದು ದಾರಿಯುದ್ದಕ್ಕೂ ನನ್ನಷ್ಟಕ್ಕೆ ಮಾತಾಡಿಕೊಂಡೆ. ಒಂದು ಅಕ್ಷರ ತಪ್ಪಾದರೆ ತಿದ್ದುವುದಿಲ್ಲವೇ? ನಾನು ದಿನಾ ಮಾಡುವುದೇ ಅದನ್ನು.

ಹೊರಗೆ ಗೋಡೆಗೆ, ಯಾವ ಮತದಾರರೂ ಹೊರಗುಳಿಯಬಾರದು ಎಂದು ಬಣ್ಣದ ಬ್ಯಾನರು. ಒಳಗೆ ಟೇಬಲ್ಲಿನ ಗುಮಾಸ್ತ ನಾನು ತುಂಬಿದ್ದ ಅವಳ ಅರ್ಜಿಯ ನಕಲು ತೆಗೆದು ನೋಡಿ, “ಇದು ನಿಮ್ಮ ಅಕ್ಷರ ಅಲ್ಲೇನ್ರಿ ಮೇಡಂ?” ಎಂದ. ಹೌದು ಎಂದೆ. “ಹೆಬ್ಬಟ್ಟಿಗೆ ಸಾಕ್ಷಿ ಸಹಿನೂ ನಿಮ್ಮದ ಐತಿ” ಎಂದ. ಅದಕ್ಕೂ ಹೌದು ಎಂದೆ. ಮೇಲಿನ ಅಧಿಕಾರಿಯ ಹತ್ತಿರ ಕಳಿಸಿದ. ಅವರು ಕುರ್ಚಿ ಹಾಕಿಸಿ, ನೀರು ಕೊಡಿಸಿ, ಪೂರಾ ಕೇಳಿಸಿಕೊಂಡರು. ಗದರಿಸಿದ್ದರೆ ಚೆನ್ನಾಗಿತ್ತು ಅನಿಸಿತು.

“ಮತಪತ್ರ ಆಕಿ ಹೆಸರಿಗೆ ಹೋಗಿಬಿಟ್ಟೈತ್ರಿ. ಪಟ್ಟಿ ಅಚ್ಚಾಗೇತಿ. ಈಗ ಗುರ್ತು ತಗದ್ರ ಒಬ್ಬರಿಗೆ ಎರಡು ಓಟು ಆಗತೈತಿ” ಎಂದರು. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

“ಹಂಗಾದ್ರ ನಾನ ಆಕಿ ಸಂಗತಿ ಕುಂದರ್ಲ್ಯಾ ಸರ್? ಆಕಿ ಹೇಳಿದಲ್ಲಿ ಗುರ್ತು ಮಾಡ್ತೀನಿ.”

“ಚುನಾವಣಿ ಕೆಲಸದಾಗ ಇದ್ದೋರು ಆಗಂಗಿಲ್ಲ ಮೇಡಂ. ನಿಮಗ ಗೊತ್ತೈತಲ್ಲ.”

ಎದ್ದು ಬರುವಾಗ ಬಾಗಿಲ ಪಕ್ಕದ ಟೇಬಲ್ ಮೇಲೆ ಬಿಳಿ ಹಾಳೆಗಳ ಕಟ್ಟು ಕಂಡಿತು. ಅಭ್ಯರ್ಥಿಗಳ ಹೆಸರು, ಸಂಖ್ಯೆ ಎಲ್ಲ ಚುಕ್ಕಿಯಲ್ಲಿ ಎದ್ದು ನಿಂತ ಹಾಳೆಗಳು. ಕಣ್ಣಿಲ್ಲದವರು ಮತಗಟ್ಟೆಗೆ ಬಂದರೆ ಮೊದಲು ಇದನ್ನು ಕೈಗೆ ಕೊಡುತ್ತಾರೆ. ಮುಟ್ಟಿ ಓದಿ, ಸಂಖ್ಯೆ ನೆನಪಿಟ್ಟುಕೊಂಡು, ಹೋಗಿ ಗುಂಡಿ ಒತ್ತಬೇಕು. ಪ್ರತಿ ಮತಗಟ್ಟೆಗೆ ಒಂದೊಂದು ಹೋಗುತ್ತದೆ ಎಂದ ಗುಮಾಸ್ತ. ನಮ್ಮ ಶಾಲೆಗೂ ಒಂದು ಬರುತ್ತದೆ. ನಾನು ಮೇಲಿನ ಹಾಳೆಯ ಮೇಲೆ ಬೆರಳಿಟ್ಟೆ. ನನಗೆ ಅದು ಬರೀ ಒರಟು. ನಮ್ಮ ಶಾಲೆಗೆ ಬಂದ ಹಾಳೆ ಬೆಳಿಗ್ಗೆಯಿಂದ ಸಂಜೆಯವರೆಗೆ ಟೇಬಲ್ ಮೇಲೆ ಬಿದ್ದುಕೊಂಡು, ಯಾರೂ ಮುಟ್ಟದೆ, ಹಾಗೇ ವಾಪಸು ಬರುತ್ತದೆ ಎಂದು ನನಗೊಬ್ಬಳಿಗೆ ಆಗಲೇ ಗೊತ್ತಿತ್ತು. ಅಲ್ಲಿಯೇ ನಿಂತು ಅಳು ಬಂತು. ಕಣ್ಣಿಗೆ ಧೂಳು ಬಿತ್ತೆಂದು ಗುಮಾಸ್ತನಿಗೆ ಹೇಳಿದೆ.

ಮನೆಯಲ್ಲಿ ನನ್ನ ಯಜಮಾನರು, “ಒಂದ್ ಓಟಿಗೆ ಎಷ್ಟ ತಲಿ ಕೆಡಿಸ್ಕೋತೀ? ಲಕ್ಷಗಟ್ಟಲೆ ಬೀಳ್ತಾವ” ಎಂದರು. ಅವರಿಗೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಕುಕ್ಕಿ ಎದ್ದುಹೋದೆ. ಕುಷ್ಟಗಿಯಿಂದ ಬಂದಿದ್ದ ನನ್ನ ತಾಯಿ, ಪಾಪ, ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದು ರುಚಿ ನೋಡಿದಳು. ಅವರ ಮೇಲೆ ಹಾರಾಡಿ ಏನು ಬಂತು? ಅವತ್ತು ನನಗೆ ಯಾರ ಮೇಲಾದರೂ ಹಾರಾಡಬೇಕಿತ್ತು, ಹಕ್ಕಿದ್ದದ್ದು ನನ್ನೊಬ್ಬಳ ಮೇಲೆಯೇ.

ಮರುದಿನ ಹತ್ತು ಗಂಟೆಗೆಲ್ಲ ಜೀಪು ಮತ್ತೆ ಬಂತು. ಈ ಸಲ ಅವಳು ಮನೆಯಲ್ಲಿ ಉಡುವ ಹಳೇ ಸೀರೆಯಲ್ಲಿದ್ದಳು. ಮಾಸ್ತರು ಸ್ಟೂಲು ಇಡಿಸಿ, ಮರೆ ನಿಲ್ಲಿಸಿ, ಜೊತೆಗೆ ಯಾರು ಕೂರುತ್ತಾರೆ ಎಂದು ಕೇಳಿದರು. ಅಣ್ಣ ಟವೆಲ್ಲು ಕೊಡವಿ ಮುಂದೆ ಬಂದ.

“ನೀ ಕುಂದರಣ್ಣ, ಬಿಸಿಲಾಗ ಹೊಲಕ್ಕ ಹೋಗಿ ಬಂದೀ” ಎಂದಳು ಅವಳು. “ಯಾರೂ ಬ್ಯಾಡ್ರಿ. ನಾನ ಹಾಕ್ತೀನಿ.”

ಅಣ್ಣ ನಿಂತಲ್ಲೇ ನಿಂತ. “ಹೆಂಗ ಹಾಕ್ತೀ ತಂಗಿ? ನಾ ಇದ್ದೀನಲ್ಲ?”

“ಹಾಕ್ತೀನಿ ಬಿಡಣ್ಣ.”

ಮಾಸ್ತರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. “ಬೇಕಂದ್ರ ಸಂಗತಿ ಕರ್ಕೋಬಹುದು ಅಂತ ಐತಿ, ಬೇಕ ಬೇಕು ಅಂತ ಇಲ್ಲ. ಆಕಿ ಇಷ್ಟ” ಎಂದರು ಕೊನೆಗೆ. ಮತಪತ್ರದ ಜೊತೆ ಕೊಡಬೇಕಾದ ಹೇಳಿಕೆಯ ಕಾಗದ ಮುಂದೆ ಮಾಡಿ ಸಹಾಯಕ ಶಾಯಿಯ ಡಬ್ಬಿ ತೆರೆದ. ಅವಳು ಸಪ್ಪಳ ಕೇಳಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಪೆನ್ನು ಇಸಿದುಕೊಂಡು, ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಮಾಡಿದಳು. ಅಕ್ಷರ ದೊಡ್ಡವು, ಒಂದರ ಮೇಲೊಂದು ಹತ್ತಿದ್ದವು, ಆದರೆ ಅವಳ ಹೆಸರೇ.

ಆಮೇಲೆ ಕೇಳಿದಳು, “ಹೆಸರು ಮ್ಯಾಲಿಂದ ಸಾಲಕ ಓದ್ರಿ ಸರ.”

ಮಾಸ್ತರು ಓದಿದರು. ಇನ್ನೊಮ್ಮೆ ಓದಿ ಎಂದಳು, ಇನ್ನೊಮ್ಮೆ ಓದಿದರು. ಬಹಳ ಹೆಸರುಗಳಿದ್ದವು. ಅವಳ ತುಟಿ ಜೊತೆಗೆ ಎಣಿಸುತ್ತಿತ್ತು.

“ಹಾಳಿ ಅಂಚಿನಿಂದ ಮೊದಲನೇ ಹೆಸರಿಗೆ ಎಷ್ಟ ಬೆರಳ್ರಿ?”

ಅನ್ನಕ್ಕೆ ನೀರು ಇಡುವಾಗ ನಾವೆಲ್ಲ ಬೆರಳಿನಿಂದಲೇ ಅಳೆಯುತ್ತೇವೆ, ಸೀರೆಯ ಅಂಚೂ ಬೆರಳಿನಲ್ಲೇ. ಹಾಗಾಗಿ ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಮಾಸ್ತರು ಕಾಗದದ ಮೇಲೆ ತಮ್ಮ ಬೆರಳು ಅಡ್ಡ ಇಟ್ಟು ನೋಡಿ, “ಎರಡು ಬೆರಳು” ಎಂದರು.

“ಆಮ್ಯಾಲ ಒಂದೊಂದ್ ಹೆಸರಿಗೆ?”

“ಒಂದೊಂದ್ ಬೆರಳು ಅನ್ನವಾ. ಬರೋಬ್ಬರಿ ಒಂದ್ ಬೆರಳು.”

ಕಾಗದವನ್ನು ಮರೆಯೊಳಗಿಟ್ಟು ಮಾಸ್ತರು ಬಾಗಿಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ವಿಡಿಯೋದವನು ಕ್ಯಾಮೆರಾ ಇಳಿಸಿದ. ಅಣ್ಣ ಕಟ್ಟೆಗೆ ಹೋಗಿ ಕೂತ. ಅಡುಗೆ ಮನೆಯಿಂದ ಅತ್ತಿಗೆ ಇಣುಕುತ್ತಿದ್ದಳು. ಅವಳು ನೋಡಬಾರದೆಂದು ನಾನು ಅಡುಗೆ ಮನೆಯ ಬಾಗಿಲಿಗೆ ಅಡ್ಡ ನಿಂತೆ. ರಟ್ಟಿನ ಮರೆಗೆ ಮೂರೇ ಬದಿ. ತೆರೆದಿದ್ದ ನಾಲ್ಕನೆಯ ಬದಿ ಹೊರಸಿನ ಕಡೆಗೆ, ನಾನು ನಿಂತ ಜಾಗದ ನೇರಕ್ಕೇ ಇತ್ತು. ನಾನು ಮುಖ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ.

ಅವಳು ಎಡಗೈ ಬೆರಳುಗಳನ್ನು ಕಾಗದದ ಮೇಲಿನ ಅಂಚಿಗೆ ಹಚ್ಚಿ, ಒಂದರ ಕೆಳಗೆ ಒಂದು ಬೆರಳು ಇಡುತ್ತ ಇಳಿದಳು. ಎಲ್ಲೂ ಅವಸರ ಮಾಡಲಿಲ್ಲ. ಬೇಕಾದಷ್ಟು ಬೆರಳು ಎಣಿಸಿದ ಮೇಲೆ ಎಡಗೈಯನ್ನು ಅಲ್ಲಿಯೇ ಒತ್ತಿಹಿಡಿದು, ಬಲಗೈಯಿಂದ ಪೆನ್ನು ತಂದು, ಬೆರಳಿಗೆ ತಾಗಿಸಿ ಗುರುತು ಹಾಕಿದಳು.

ಗುರುತು ಎರಡು ಹೆಸರಿನ ನಡುವಿನ ಗೆರೆಯ ಮೇಲೆ ಬಿತ್ತು. ಅರ್ಧ ಮೇಲಿನವರಿಗೆ, ಅರ್ಧ ಕೆಳಗಿನವರಿಗೆ. ಯಾವ ಎರಡು ಹೆಸರೆಂದು ನಾನು ಇಲ್ಲೂ ಹೇಳುವುದಿಲ್ಲ. ಅಂಥ ಮತ ಯಾರಿಗೂ ಸೇರುವುದಿಲ್ಲ, ಎಣಿಸುವಾಗ ತೆಗೆದು ಪಕ್ಕಕ್ಕಿಡುತ್ತಾರೆ. ಅವಳು ಎಣಿಸಿದ್ದು ತಪ್ಪಿರಲಿಲ್ಲ. ಮಾಸ್ತರದು ದಪ್ಪ ಬೆರಳು, ಅವಳದು ಸಣ್ಣ ಬೆರಳು. ಪ್ರತಿ ಹೆಸರಿಗೂ ಒಂದಿಷ್ಟು ಕಡಿಮೆ ಬೀಳುತ್ತ ಬೀಳುತ್ತ, ಬರಬೇಕಾದಲ್ಲಿಗೆ ಅವಳ ಕೈ ಬರಲೇ ಇಲ್ಲ. ಅಷ್ಟು ಮಂದಿ ಸುತ್ತಲೂ ಇದ್ದೆವು, ಓದಿದವರು ಮೂರು ಜನ. ಅವಳ ಕೈಯನ್ನು ಹಿಡಿದು ಅವಳ ಬೆರಳಿನಿಂದಲೇ ಅಳೆದು ಹೇಳಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಅವಳು ಕಾಗದ ಮಡಚಿದಳು. ಲಕೋಟೆಗೆ ಹಾಕಿ ಅಂಟು ಹಚ್ಚುವ ಮೊದಲು ಇನ್ನೂ ಸ್ವಲ್ಪ ಹೊತ್ತಿತ್ತು. ನಿಲ್ಲಿರಿ, ಗುರುತು ಸರಿಯಾಗಿ ಬಿದ್ದಿಲ್ಲ ಎಂದು ನಾನು ಕೂಗಬಹುದಿತ್ತು. ಕೂಗಿದರೆ ನಾನು ನೋಡಿದೆ ಎಂದಾಗುತ್ತಿತ್ತು. ಅಣ್ಣ ಒಳಗೆ ಬಂದು, ಅದಕ್ಕೇ ನಾ ಹೇಳಿದ್ದು ಎನ್ನುತ್ತಿದ್ದ. ಇನ್ನೊಂದು ಕಾಗದ ಸಿಕ್ಕರೂ ಅದು ಅವನ ಕೈಗೆ ಹೋಗುತ್ತಿತ್ತು. ಹೀಗೆಲ್ಲ ಈಗ ಕಾರಣ ಹೇಳುತ್ತೇನೆ. ಅವತ್ತು ನನಗೆ ಬಾಯಿ ಬರಲಿಲ್ಲ, ಅಷ್ಟೇ ನಿಜ. ಮಾಸ್ತರು ಲಕೋಟೆಗೆ ಅಂಟು ಹಚ್ಚಿ, ಅದನ್ನು ದೊಡ್ಡ ಲಕೋಟೆಗೆ ಹಾಕಿ, ಪೆಟ್ಟಿಗೆಗೆ ಇಳಿಸಿದರು. “ಭೇಷ್ ಹಾಕಿದ್ರಿ ಯವ್ವಾ” ಎಂದು ಕೈಮುಗಿದು ಹೋದರು. ಅವರು ಹೋಗಬೇಕಿದ್ದ ಕೊನೆಯ ಮನೆ ಅದು.

ಜೀಪಿನ ಸಪ್ಪಳ ದೂರವಾದ ಮೇಲೆ ಅವಳು ನನ್ನನ್ನು ಕರೆದಳು.

“ಅಕ್ಕೋರ, ಅದೀರೇನ್ರಿ?”

“ಅದೀನವಾ.”

ಹತ್ತಿರ ಹೋದೆ. ಕೈ ತಡಕಿ ನನ್ನ ಬಳೆ ಮುಟ್ಟಿದಳು. “ನೀವು ಅಡಗಿ ಮನಿ ಬಾಗಲದಾಗ ನಿಂತಿದ್ರಿ. ಬಳಿ ಸಪ್ಪಳ ಕೇಳ್ತು. ಅಲ್ಲಿಂದ ಹಾಳಿ ಕಾಣ್ತೈತೇನ್ರಿ?”

ಅವಳ ಮುಖದಲ್ಲಿ ಹೆದರಿಕೆಯಿತ್ತು. ಮೊದಲ ದಿನ ಮಷಿನ್ ಎಲ್ಲಿ ಎಂದು ಕೇಳಿದಾಗಲೂ ಆ ಮುಖದಲ್ಲಿ ಹೆದರಿಕೆ ಇರಲಿಲ್ಲ.

“ಇಲ್ಲವಾ” ಎಂದೆ. “ನಾ ನೋಡಿಲ್ಲ.”

“ಛಲೋ ಆತು ಬಿಡ್ರಿ” ಎಂದು ಉಸಿರು ಬಿಟ್ಟಳು. “ಈ ಸಲ ಯಾರೂ ನೋಡಿಲ್ಲ. ನಾನ ಹಾಕೀನಿ.” ಹಾಗೆಂದು ನನ್ನ ಕೈ ಬಿಟ್ಟು, ಅಕ್ಕೋರಿಗೆ ಚಹಾ ಇಡು ಎಂದು ಅತ್ತಿಗೆಗೆ ಕೂಗಿದಳು. ಅವಳ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನು ಕೂತು ಆ ಚಹಾ ಕುಡಿದೇ ಬಂದೆ.